ಸೂಳೆಕೆರೆಯ ತೂಬು, ಜಗಳೂರಿನ ಪಂಪು

2023ರ ಫೆಬ್ರವರಿ 1ರಂದು ಕೇಂದ್ರ ಬಜೆಟ್ ಮಂಡನೆಯಾದಾಗ ನಿಮ್ಮಲ್ಲಿ ಬಹುಪಾಲು ಜನ ಆದಾಯ ತೆರಿಗೆಯ ಸ್ಲ್ಯಾಬ್ ಏನಾಯ್ತು ಅಂತ ನೋಡಿ ಟಿವಿ ಆರಿಸಿರ್ತೀರಿ. ಅದೇ ಭಾಷಣದಲ್ಲಿ ಕರ್ನಾಟಕದ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಅನ್ನೋ ಒಂದು ಸಾಲೂ ಇತ್ತು. ಆಮೇಲೆ ಆ ದುಡ್ಡು ಬರಲಿಲ್ಲ ಅಂತ ರಾಜ್ಯ, ರಾಜ್ಯವೇ ಸರಿಯಾಗಿ ಕೇಳಲಿಲ್ಲ ಅಂತ ಕೇಂದ್ರದ ಕಡೆಯವರು ಜಗಳ ಆಡಿಕೊಂಡರು. ಪೇಪರಿನಲ್ಲಿ ಇದು ಹಣದ ಸುದ್ದಿಯಾಗಿ ಬಂತು. ನನಗೆ ಇದು ಎಂಟುನೂರು, ಒಂಬೈನೂರು ವರ್ಷ ಹಳೆಯ ಸುದ್ದಿ ಅನ್ನಿಸುತ್ತೆ. ನಿವೃತ್ತ ಎಂಜಿನಿಯರಿಗೆ ಎರಡು ಚಟ ಇರುತ್ತವೆ: ಪೇಪರನ್ನು ಕೊನೇ ಪುಟದ ತನಕ ಓದೋದು, ಓದಿದ್ದರ ಹಿಂಬದಿಯಲ್ಲಿ ಪೆನ್ಸಿಲ್ ಹಿಡಿದು ಲೆಕ್ಕ ಹಾಕೋದು. ಈ ಬರಹ ಆ ಎರಡನೇ ಚಟದ ಫಲ.

ದಾವಣಗೆರೆ ಜಿಲ್ಲೆಯ ನಕಾಶೆ ತೆಗೆಯಿರಿ. 1997ರಲ್ಲಿ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಆದ ಜಿಲ್ಲೆ ಇದು. ಚನ್ನಗಿರಿ, ಹೊನ್ನಾಳಿಗಳನ್ನು ಶಿವಮೊಗ್ಗದಿಂದ, ಜಗಳೂರನ್ನು ಚಿತ್ರದುರ್ಗದಿಂದ ತಂದು ಒಂದು ಮಾಡಿದರು. ಆಮೇಲೆ 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದಾಗಿ ಹೊನ್ನಾಳಿಯಿಂದ ಬೇರೆಯಾಯ್ತು. ಹೀಗಾಗಿ ಒಬ್ಬರೇ ಜಿಲ್ಲಾಧಿಕಾರಿಯ ಕೈಕೆಳಗೆ ಮಲೆನಾಡಿನ ಸೆರಗೂ ಇದೆ, ಅಪ್ಪಟ ಬಯಲುಸೀಮೆಯೂ ಇದೆ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿದ ಮೇಲೆ ನದಿ ಹೊನ್ನಾಳಿಯ ಮಗ್ಗುಲಲ್ಲೇ ಹರಿಯುತ್ತೆ. ಮಳೆಗಾಲದಲ್ಲಿ ಮೇಲಿಂದ ನೀರು ಬಿಟ್ಟರೆ ಊರಿನ ತಗ್ಗು ಬೀದಿಗಳಿಗೆ ಹೊಳೆ ನುಗ್ಗುತ್ತೆ. ಇತ್ತ ಜಗಳೂರಿನಲ್ಲಿ ಕೊಳವೆಬಾವಿ ಕೊರೆದು ಕೊರೆದು ಸೋತ ಜನ, ಸಿಕ್ಕ ನೀರಿನಲ್ಲೂ ಫ್ಲೋರೈಡ್. ಒಂದೇ ಜಿಲ್ಲೆಯೊಳಗೆ ಒಂದು ಕಡೆ ನೀರು ಬಂತಲ್ಲಪ್ಪಾ ಅನ್ನೋ ಭಯ, ಇನ್ನೊಂದು ಕಡೆ ನೀರು ಬರಲಿಲ್ಲವಲ್ಲಪ್ಪಾ ಅನ್ನೋ ಸಂಕಟ.

ಈ ಎರಡರ ನಡುವೆ ಚನ್ನಗಿರಿ ಇದೆ. ಚನ್ನಗಿರಿಯಲ್ಲಿ ಸೂಳೆಕೆರೆ ಇದೆ.

ಸರ್ಕಾರಿ ಬೋರ್ಡಿನಲ್ಲಿ ಇದಕ್ಕೆ ಶಾಂತಿಸಾಗರ ಅಂತ ಹೆಸರು. ಊರವರ ಬಾಯಲ್ಲಿ ಇವತ್ತಿಗೂ ಸೂಳೆಕೆರೆ. 11-12ನೇ ಶತಮಾನದ್ದು ಅಂತ ಸಾಮಾನ್ಯವಾಗಿ ಹೇಳ್ತಾರೆ. ಏಷ್ಯಾದಲ್ಲಿ ಎಷ್ಟನೇ ದೊಡ್ಡದು ಅನ್ನೋ ಪೈಪೋಟಿಯನ್ನು ಬದಿಗಿಡೋಣ. ತುಂಬಿದಾಗ ಸುಮಾರು 6,500 ಎಕರೆ ನೀರು. ಬೆಂಗಳೂರಿನ ಸದಾಶಿವನಗರದ ಸ್ಯಾಂಕಿ ಕೆರೆಯ ಸುತ್ತ ನೀವು ಬೆಳಿಗ್ಗೆ ವಾಕ್ ಮಾಡೋರಾದರೆ, ಅಂಥ 170ಕ್ಕೂ ಹೆಚ್ಚು ಕೆರೆಗಳನ್ನು ಒಟ್ಟಿಗೆ ಇಟ್ಟರೆ ಒಂದು ಸೂಳೆಕೆರೆ ಆಗುತ್ತೆ ಅಂತ ಊಹಿಸಿಕೊಳ್ಳಿ. ಇಷ್ಟು ನೀರನ್ನು ಹಿಡಿದಿಟ್ಟಿರೋ ಏರಿಯ ಉದ್ದ ಮಾತ್ರ ಸುಮಾರು 950 ಅಡಿ. ಮೂರು ಫುಟ್‌ಬಾಲ್ ಮೈದಾನದಷ್ಟೂ ಇಲ್ಲ.

ಇದು ಹೇಗೆ ಸಾಧ್ಯವಾಯ್ತು ಅಂದರೆ, ಜಾಗದ ಆಯ್ಕೆಯಿಂದ. ಹರಿದ್ರಾ ಅನ್ನೋ ಹಳ್ಳ ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ಹಾದು ಮುಂದೆ ಹರಿಹರದ ಬಳಿ ತುಂಗಭದ್ರೆಗೆ ಸೇರುತ್ತೆ. ಕಟ್ಟಿದವರು ಆ ಸಂದಿಯನ್ನೇ ಹುಡುಕಿ, ಅಲ್ಲೇ ಬಾಗಿಲು ಹಾಕಿದರು. ಏರಿಯನ್ನು ಉದ್ದಕ್ಕೆ ಕಟ್ಟೋ ಖರ್ಚು ಉಳಿಯಿತು, ಉಳಿದ ಶ್ರಮವನ್ನೆಲ್ಲ ಅಗಲಕ್ಕೆ, ಎತ್ತರಕ್ಕೆ ಹಾಕಿದರು. ಕೆರೆಗೆ ನೀರು ಕೊಡೋ ಜಲಾನಯನ ಸುಮಾರು 330 ಚದರ ಕಿಲೋಮೀಟರ್. ಅಂದರೆ ಕೆರೆಯ ಮೈಗಿಂತ ಹನ್ನೆರಡು ಪಟ್ಟು. ಆ ನೆಲದ ಮೇಲೆ ಬಿದ್ದ ಮಳೆಯಲ್ಲಿ 50 ಮಿಲಿಮೀಟರ್‌ನಷ್ಟು ಮಾತ್ರ ಹರಿದು ಬಂದರೂ ಅರ್ಧ ಟಿಎಂಸಿಗಿಂತ ಹೆಚ್ಚು ನೀರು. ಒಂದು ಯೂನಿಟ್ ಕರೆಂಟ್ ಇಲ್ಲ, ಒಂದು ಲೀಟರ್ ಡೀಸೆಲ್ ಇಲ್ಲ. ಎಲ್ಲ ಕೆಲಸವನ್ನೂ ಇಳಿಜಾರೇ ಮಾಡುತ್ತೆ. ನೀರು ಹೊರಗೆ ಬಿಡೋಕೆ ಎರಡು ತೂಬು, ಸಿದ್ದ ಮತ್ತು ಬಸವ. ಅವುಗಳ ಹೆಸರಿನ ನಾಲೆಗಳು ಇವತ್ತಿಗೂ ಗದ್ದೆ, ತೋಟಗಳಿಗೆ ನೀರುಣಿಸುತ್ತಿವೆ.

ಈಗ ಹೆಸರಿನ ವಿಷಯಕ್ಕೆ ಬರ್ತೀನಿ. ಆ ಭಾಗದ ಜನ ಹೇಳೋ ಕತೆ ಹೀಗಿದೆ. ಸ್ವರ್ಗಾವತಿ ಅನ್ನೋ ಪಟ್ಟಣದ ರಾಜ ವಿಕ್ರಮರಾಯನಿಗೆ ಶಾಂತವ್ವ ಅನ್ನೋ ಮಗಳು. ಸಿದ್ದೇಶ್ವರನ ಜೊತೆ ಅವಳ ಸಂಬಂಧದ ಮೇಲೆ ಅಪವಾದ ಬಂತು, ಅದರ ಪ್ರಾಯಶ್ಚಿತ್ತಕ್ಕೆ ಅವಳು ಕೆರೆ ಕಟ್ಟಿಸಲು ಹೊರಟಳು. ಮುಳುಗೋ ಜಾಗದಲ್ಲಿ ವೇಶ್ಯೆಯರ ಕೇರಿ ಇತ್ತು. ಅವರು ಜಾಗ ಬಿಡ್ತೀವಿ, ಆದರೆ ಕೆರೆಗೆ ನಮ್ಮ ಹೆಸರಿಡಬೇಕು ಅಂದರು. ಅವಳು ಒಪ್ಪಿದಳು. ಇನ್ನೊಂದು ಪಾಠದಲ್ಲಿ ಅಪವಾದದ ಬೈಗುಳವೇ ಕೆರೆಯ ಹೆಸರಾಯ್ತು ಅಂತಾರೆ.

ಕತೆ ಕತೆಯೇ, ಅದನ್ನು ಶಾಸನ ಅಂತ ಯಾರೂ ಓದಬೇಕಾಗಿಲ್ಲ. ಆದರೆ ಆ ಸೀಮೆಯ ಜನ ಇಷ್ಟು ಶತಮಾನ ಏನನ್ನು ನೆನಪಿಟ್ಟುಕೊಂಡಿದ್ದಾರೆ ನೋಡಿ. ಏರಿಗೆ ಎಷ್ಟು ಕಲ್ಲು ಬಿತ್ತು, ಎಷ್ಟು ಹೊನ್ನು ಖರ್ಚಾಯ್ತು ಅನ್ನೋದನ್ನಲ್ಲ. ಯಾರ ಮನೆ ಮುಳುಗಿತು, ಅದಕ್ಕೆ ಪ್ರತಿಯಾಗಿ ಅವರು ಏನು ಕೇಳಿದರು ಅನ್ನೋದನ್ನು. ನಾವು ಇವತ್ತು ಭೂಸ್ವಾಧೀನ, ಪುನರ್ವಸತಿ ಅಂತ ಯಾವುದನ್ನು ಕರೀತೀವೋ ಅದರ ಕತೆಯೇ ಇದು. ಊರಿನಲ್ಲಿ ತೀರಾ ಕೆಳಗೆ ನೋಡಲ್ಪಟ್ಟ ಹೆಂಗಸರು ಪರಿಹಾರವಾಗಿ ಕೇಳಿದ್ದು ಹೆಸರನ್ನು. ಆ ಹೆಸರು ಬಾಯಲ್ಲಿ ಹೇಳೋಕೆ ಮುಜುಗರ ಅಂತ ನಾವು ಶಾಂತಿಸಾಗರ ಮಾಡಿದೆವು. ಕತೆಯ ಪ್ರಕಾರ ನೋಡಿದರೆ, ಕಟ್ಟಿಸಿದವಳ ಹೆಸರನ್ನು ಹೊಂದಿಸಿಕೊಂಡು ಜಾಗ ಬಿಟ್ಟುಕೊಟ್ಟವರ ಹೆಸರನ್ನು ಅಳಿಸಿದ ಹಾಗಾಯ್ತು. ನಾನು ಈ ಬರಹದಲ್ಲಿ ಸೂಳೆಕೆರೆ ಅಂತಲೇ ಬರೀತೀನಿ.

ಕೆರೆ ಕಟ್ಟೋದಕ್ಕಿಂತ ಕಷ್ಟದ್ದು ಅದನ್ನು ಇಟ್ಟುಕೊಳ್ಳೋದು. ನಮ್ಮ ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಅನ್ನೋ ಪದಗಳು ಮತ್ತೆ ಮತ್ತೆ ಬರುತ್ತವೆ. ಕಟ್ಟುಕೊಡಗೆ ಅಂದರೆ ಕೆರೆ ಕಟ್ಟಿದವನಿಗೆ ಬಿಟ್ಟುಕೊಟ್ಟ ಭೂಮಿ. ಬಿತ್ತುವಟ್ಟ ಅಂದರೆ ಕೆರೆಯ ಪಾಲನೆಗೆ ಅಂತ ತೆಗೆದಿಟ್ಟ ಭೂಮಿ ಅಥವಾ ಅದರ ಉತ್ಪನ್ನ. ಇವತ್ತಿನ ಭಾಷೆಯಲ್ಲಿ ಹೇಳಬೇಕಂದರೆ ಬಂಡವಾಳ ವೆಚ್ಚಕ್ಕೆ ಒಂದು ಖಾತೆ, ನಿರ್ವಹಣೆಗೆ ಇನ್ನೊಂದು ಖಾತೆ. ಎರಡನೇ ಖಾತೆಯನ್ನು ಮುಟ್ಟಿದರೆ ಪಾಪ ಸುತ್ತಿಕೊಳ್ಳುತ್ತೆ ಅಂತ ಕಲ್ಲಿನ ಮೇಲೆ ಶಾಪ ಬೇರೆ. ತೂಬು ಎತ್ತಿ ಇಳಿಸೋಕೆ, ಗದ್ದೆಗೆ ಸರದಿಯ ಪ್ರಕಾರ ನೀರು ಹಾಯಿಸೋಕೆ ನೀರುಗಂಟಿ ಇದ್ದ. ಅವನ ಸಂಬಳ ಊರಿನ ಫಸಲಿನಲ್ಲೇ ಬರ್ತಿತ್ತು. ಇದನ್ನೆಲ್ಲ ಸ್ವರ್ಗ ಅಂತ ನಾನು ಹೇಳೋದಿಲ್ಲ. ನೀರಿನ ಸರದಿಯಲ್ಲಿ ಜಾತಿಯೂ ಇತ್ತು, ಜಬರ್ದಸ್ತೂ ಇತ್ತು, ಹೂಳೆತ್ತಿದವರಿಗೆ ಗದ್ದೆ ಇರಲಿಲ್ಲ. ಆದರೆ ಕೆರೆ ಯಾರ ಜವಾಬ್ದಾರಿ ಅಂತ ಕೇಳಿದರೆ ತೋರಿಸೋಕೆ ಒಬ್ಬ ಮನುಷ್ಯ ಇದ್ದ.

ಸ್ಯಾಂಕಿ ಕೆರೆಯ ಹೆಸರು ಬಂತಲ್ಲ, ಆ ಸ್ಯಾಂಕಿ ಯಾರು ಅಂತ ಗೊತ್ತಾ? ರಿಚರ್ಡ್ ಸ್ಯಾಂಕಿ, 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದವರು. ಮೈಸೂರು ಸೀಮೆಯ ಸುಮಾರು ಶೇಕಡಾ 60ರಷ್ಟು ನೆಲ ಕೆರೆಗಳ ಜಾಲದೊಳಗೇ ಬಂದುಬಿಟ್ಟಿದೆ, ಹೊಸ ಕೆರೆಗೆ ಜಾಗ ಹುಡುಕೋಕೆ ಬಹಳ ಬುದ್ಧಿವಂತಿಕೆ ಬೇಕು ಅನ್ನೋ ಅರ್ಥದಲ್ಲಿ ಅವರು ವರದಿ ಬರೆದರು. ಅವರು ಇನ್ನೂ ಒಂದು ಒಳ್ಳೆಯ ಕೆಲಸ ಮಾಡಿದರು. ಒಂದೊಂದೇ ಕೆರೆಯನ್ನು ರಿಪೇರಿ ಮಾಡಿದರೆ ಪ್ರಯೋಜನವಿಲ್ಲ, ಮೇಲಿನ ಕೆರೆ ಒಡೆದರೆ ಕೆಳಗಿನದ್ದೂ ಹೋಗುತ್ತೆ, ಆದ್ದರಿಂದ ಒಂದು ಕಣಿವೆಯ ಕೆರೆಗಳನ್ನೆಲ್ಲ ಒಂದು ಸರಣಿಯಾಗಿ ನೋಡಬೇಕು ಅಂದರು. ಕೋಡಿ ಬಿದ್ದ ನೀರು ಮುಂದಿನ ಕೆರೆಗೆ ಹೋಗಬೇಕು ಅನ್ನೋ ಹಳ್ಳಿಯವರ ತಿಳಿವಳಿಕೆಯನ್ನೇ ಅವರು ಇಲಾಖೆಯ ಕಾಗದಕ್ಕೆ ತಂದರು. ಲೂಯಿ ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಸೂಳೆಕೆರೆಯ ಏರಿಯನ್ನು ಬಹಳ ಮೆಚ್ಚಿಕೊಳ್ಳುತ್ತೆ. ಜೊತೆಗೆ, ನೀರಿನ ಒತ್ತಡಕ್ಕೆ ತೂಬುಗಳು ಮಾತ್ರ ಸದಾ ಅಪಾಯದ ಸ್ಥಿತಿಯಲ್ಲೇ ಇದ್ದವು ಅಂತಲೂ ಬರೆಯುತ್ತೆ. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಏರಿ ಶತಮಾನಗಳ ಕಾಲ ತಾನಾಗಿ ನಿಲ್ಲುತ್ತೆ. ತೂಬಿಗೆ ಪ್ರತಿವರ್ಷ ಆಳು ಬೇಕು.

ಸ್ವಾತಂತ್ರ್ಯದ ವರ್ಷ, 1947ರಲ್ಲಿ, ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟಿನ ಕೆಲಸ ಶುರುವಾಯ್ತು. 1960ರ ದಶಕದ ಹೊತ್ತಿಗೆ 71.5 ಟಿಎಂಸಿ ಹಿಡಿಯೋ ಜಲಾಶಯ ಎದ್ದಿತ್ತು, ಸುಮಾರು 1.05 ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಬಲದಂಡೆ ನಾಲೆ ಚನ್ನಗಿರಿಯ ಕಡೆಯಿಂದ ದಾವಣಗೆರೆ ತನಕ ಹೋಯ್ತು. ಚನ್ನಗಿರಿಯ ಚಹರೆಯೇ ಬದಲಾಯ್ತು. ಮೊದಲು ಭತ್ತ, ಆಮೇಲೆ ಕಣ್ಣು ಹಾಯಿಸಿದಷ್ಟೂ ಅಡಿಕೆ. ಜಲಾಶಯ 186 ಅಡಿ ತುಂಬಿತಾ ಅನ್ನೋದು ಅಲ್ಲಿಯ ಮನೆಮನೆಯ ಮಾತು. ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ಡ್ಯಾಂ ಲೆವೆಲ್ ಕೇಳ್ತಾರೆ. ತುಂಗಾ ಮೇಲ್ದಂಡೆ ನಾಲೆ ಹೊನ್ನಾಳಿ, ನ್ಯಾಮತಿ ಸೀಮೆಯನ್ನು ಹಾದು ಹಾವೇರಿ ಕಡೆಗೆ ಹೋಯ್ತು.

ಆದರೆ ನಾಲೆ ಅಂದರೆ ತಲೆ ಮತ್ತು ಬಾಲ. ತಲೆಯ ಹತ್ತಿರದವರು ತೋಟಕ್ಕೆ ಬೇಕಾದಷ್ಟು ಬಿಟ್ಟುಕೊಳ್ತಾರೆ, ಕೊನೆಭಾಗದವರು ಗದ್ದೆ ಒಣಗಿಸಿಕೊಂಡು ರಸ್ತೆಯಲ್ಲಿ ಕೂರ್ತಾರೆ. ಭತ್ತದವನ ಕಷ್ಟ ಒಂದು ಫಸಲಿನದ್ದು, ಅಡಿಕೆಯವನ ಕಷ್ಟ ಹಲವು ವರ್ಷದ ತೋಟದ್ದು. ಹಾಗಾಗಿ ಬೇಸಿಗೆಯಲ್ಲಿ ಇಬ್ಬರೂ ಒಂದೇ ನೀರಿಗೆ ಹೋರಾಡ್ತಾರೆ. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ಹೊಸದುರ್ಗ ಮುಂತಾದ ಕಡೆಗೆ ಕುಡಿಯುವ ನೀರು ಒಯ್ಯೋ ಕಾಮಗಾರಿಯ ವಿರುದ್ಧ ದಾವಣಗೆರೆ ಭಾಗದ ರೈತರು ಬೀದಿಗಿಳಿದಿದ್ದು ಇದೇ ಭಯದಿಂದ. ಕುಡಿಯೋಕೆ ನೀರು ಕೇಳೋರನ್ನು ಬೇಡ ಅನ್ನೋಕೆ ಯಾರಿಗೂ ಬಾಯಿ ಬರೋದಿಲ್ಲ. ಹಾಗಂತ ಬಾಲದ ರೈತನ ಭಯ ಸುಳ್ಳೂ ಅಲ್ಲ.

ಇಷ್ಟೆಲ್ಲ ನಾಲೆ ಬಂದರೂ ಜಗಳೂರು ಹೊರಗೇ ಉಳಿಯಿತು. ಕಾರಣ ಸರಳ. ಅದು ಮೇಲಿದೆ, ಭದ್ರೆಯ ನಾಲೆ ಕೆಳಗಿದೆ. ಇಳಿಜಾರಿನ ನಂಬಿಕೆಯ ಮೇಲೆ ನಡೆಯೋ ತಂತ್ರಜ್ಞಾನ ಅಲ್ಲಿಗೆ ಮುಗಿಯುತ್ತೆ. ಅಲ್ಲಿಂದ ಮುಂದೆ ಪಂಪಿನ ಕಾಲ.

ಜಗಳೂರಿಗೆ ಎರಡು ಕಡೆಯಿಂದ ನೀರಿನ ಆಸೆ. ಒಂದು, ತುಂಗಭದ್ರೆಯಿಂದ ಪೈಪಿನಲ್ಲಿ ನೀರೆತ್ತಿ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸೋ ಯೋಜನೆ. ಸಿರಿಗೆರೆಯ ತರಳಬಾಳು ಶ್ರೀಗಳು ಬೆನ್ನು ಹತ್ತಿ ಮಾಡಿಸಿದ್ದು. ಇನ್ನೊಂದು ಭದ್ರಾ ಮೇಲ್ದಂಡೆ. ಅದರ ಲೆಕ್ಕ ಹೀಗಿದೆ: ತುಂಗೆಯಿಂದ 17.4 ಟಿಎಂಸಿ ನೀರನ್ನು ಭದ್ರೆಗೆ ಎತ್ತಬೇಕು, ಭದ್ರೆಯಿಂದ 29.9 ಟಿಎಂಸಿಯನ್ನು ಅಜ್ಜಂಪುರದ ಸುರಂಗದ ತನಕ ಎತ್ತಬೇಕು. ಅಲ್ಲಿಂದ ನಾಲೆಗಳಲ್ಲಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ, ಮತ್ತೆ ನಮ್ಮ ಜಗಳೂರಿಗೆ. ಹನಿ ನೀರಾವರಿಯಲ್ಲಿ 2.25 ಲಕ್ಷ ಹೆಕ್ಟೇರ್, ಜೊತೆಗೆ 367 ಕೆರೆ ತುಂಬಿಸೋದು. ಯೋಜನೆಯ ಅಂದಾಜು ಒಮ್ಮೆ 12,340 ಕೋಟಿ ಇದ್ದದ್ದು ಆಮೇಲೆ 21,473 ಕೋಟಿ ದಾಟಿತು.

ಇಲ್ಲಿ ಪೆನ್ಸಿಲ್ ತೆಗೀತೀನಿ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್, ತೂಕದಲ್ಲಿ 2.83 ಕೋಟಿ ಟನ್. ಅದನ್ನು 100 ಮೀಟರ್ ಎತ್ತಲು, ಪಂಪ್ ಮೋಟಾರಿನ ನಷ್ಟವನ್ನೂ ಸೇರಿಸಿ, ಸರಿಸುಮಾರು ಒಂದು ಕೋಟಿ ಯೂನಿಟ್ ವಿದ್ಯುತ್ ಬೇಕು. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 6 ಕೋಟಿ. ಹತ್ತು ಟಿಎಂಸಿಗೆ 60 ಕೋಟಿ, ಅದೂ ಪ್ರತಿವರ್ಷ. ಅಣೆಕಟ್ಟಿಗೆ ಖರ್ಚು ಒಂದು ಸಲ ದೊಡ್ಡದಾಗಿ ಬರುತ್ತೆ. ಏತ ನೀರಾವರಿಯ ಖರ್ಚು ತಿಂಗಳಾ ತಿಂಗಳು ಕರೆಂಟ್ ಬಿಲ್ಲಾಗಿ ಬಾಗಿಲು ತಟ್ಟುತ್ತೆ. ಶಂಕುಸ್ಥಾಪನೆಗೆ ಮಂತ್ರಿಗಳು ಬರ್ತಾರೆ, ಬಿಲ್ ಕಟ್ಟೋ ದಿನ ಯಾರೂ ಬರೋದಿಲ್ಲ.

ಇನ್ನೊಂದು ಲೆಕ್ಕ. ಭದ್ರಾ ಜಲಾಶಯದ ಸಾಮರ್ಥ್ಯಕ್ಕೆ ಅಚ್ಚುಕಟ್ಟನ್ನು ಭಾಗಿಸಿದರೆ ಟಿಎಂಸಿಗೆ 1,500 ಹೆಕ್ಟೇರ್ ಕೂಡ ಬರೋದಿಲ್ಲ. ಮೇಲ್ದಂಡೆಯಲ್ಲಿ ಅದೇ ಭಾಗಾಕಾರ ಮಾಡಿದರೆ ಟಿಎಂಸಿಗೆ 7,500 ಹೆಕ್ಟೇರ್. ಎರಡೂ ಬೇರೆ ಬೇರೆ ಬಗೆಯ ನೀರಾವರಿ, ಹಾಗಾಗಿ ಇದು ಒರಟು ಹೋಲಿಕೆ. ಆದರೂ ಐದು ಪಟ್ಟು ವ್ಯತ್ಯಾಸ ನಿಂತಿರೋದು ಒಂದೇ ಷರತ್ತಿನ ಮೇಲೆ: ಹನಿ ನೀರಾವರಿ ಕಟ್ಟುನಿಟ್ಟಾಗಿ ನಡೀಬೇಕು. ನಾಲೆಯಲ್ಲಿ ನೀರು ಕಂಡ ದಿನ ಯಾರಾದರೂ ಭತ್ತ ಹಾಕಿದರೆ, ತೋಟ ಎಬ್ಬಿಸಿದರೆ, ಆ ಲೆಕ್ಕ ಕುಸಿಯುತ್ತೆ. ಹಾಗೆ ಆಗೋದೇ ಇಲ್ಲ ಅಂತ ಹೇಳೋ ಧೈರ್ಯ ಚನ್ನಗಿರಿಯ ನಾಲೆಯ ಬದಿಯನ್ನು ನೋಡಿದ ಯಾರಿಗೂ ಇರೋದಿಲ್ಲ.

ಈ ಲೆಕ್ಕಗಳನ್ನು ನೋಡುವಾಗೆಲ್ಲ ನನಗೆ ಒಂದು ಶಾಸನ ನೆನಪಾಗುತ್ತೆ. ಈಗಿನ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಲದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ 1369ರಲ್ಲಿ ಹಾಕಿಸಿದ್ದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ಬರಬಾರದ ಆರು ದೋಷಗಳು ಅಂತ ಅದರಲ್ಲಿ ಪಟ್ಟಿಯೇ ಇದೆ. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಅಂತ ಲೆಕ್ಕವೂ ಇದೆ. ಅಂಗಗಳಲ್ಲಿ ಗುಡ್ಡಕ್ಕೆ ತಾಗಿದ ಹೊಳೆ, ಉದ್ದ ಹೆಚ್ಚಿಲ್ಲದ ಗಟ್ಟಿ ಕಲ್ಲಿನ ಏರಿ ಇವೆಲ್ಲ ಬರುತ್ತವೆ, ಸೂಳೆಕೆರೆಯನ್ನು ನೋಡಿಯೇ ಬರೆದ ಹಾಗೆ. ದೋಷಗಳಲ್ಲಿ ಎರಡನ್ನು ಗಮನಿಸಿ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರೋದು ದೋಷ. ನೀರು ಕಡಿಮೆ ಇದ್ದು ಅಚ್ಚುಕಟ್ಟು ದೊಡ್ಡದಾಗೋದೂ ದೋಷ. ಕೃಷ್ಣಾ ಕೊಳ್ಳದ ನ್ಯಾಯಮಂಡಳಿಗಳ ಮುಂದೆ ದಶಕಗಟ್ಟಲೆ ವಾದ ನಡೆದದ್ದು ಮೊದಲನೇ ದೋಷದ ಮೇಲೆ. ನಮ್ಮ ಬಹುಪಾಲು ನಾಲೆಗಳ ಕೊನೆಭಾಗ ಒಣಗೋದು ಎರಡನೆಯದರಿಂದ.

ಹಾಗಾದರೆ ಜಗಳೂರಿಗೆ ನೀರು ಎತ್ತೋದು ತಪ್ಪಾ? ಖಂಡಿತ ಅಲ್ಲ. ಇಳಿಜಾರು ಎಲ್ಲಿಗೆ ಹೋಗುತ್ತೋ ಅಲ್ಲಿಗೆ ಮಾತ್ರ ನೀರು ಅನ್ನೋದು ಪ್ರಕೃತಿಯ ನಿಯಮ ಇರಬಹುದು, ಸರ್ಕಾರದ ನೀತಿ ಆಗಬಾರದು. ಫ್ಲೋರೈಡ್ ನೀರು ಕುಡಿಯೋ ಮನೆಗೆ, ಗುಳೆ ಹೋಗೋ ಕುಟುಂಬಕ್ಕೆ ಯೂನಿಟ್‌ಗೆ 6 ರೂಪಾಯಿಯ ಲೆಕ್ಕ ತೋರಿಸಿ ಸುಮ್ಮನಿರು ಅನ್ನೋಕೆ ಆಗೋದಿಲ್ಲ. ಅಲ್ಲದೆ ಕೆರೆಗೆ ಬಿದ್ದ ನೀರು ಕೆಳಗಿಳಿದು ಸುತ್ತಲಿನ ಕೊಳವೆಬಾವಿಗಳನ್ನು ಬದುಕಿಸುತ್ತೆ, ಅದರ ಲಾಭ ಆ ಬಿಲ್ಲಿನಲ್ಲಿ ಕಾಣೋದಿಲ್ಲ. ನನ್ನ ತಕರಾರು ಎತ್ತೋದರ ಬಗ್ಗೆ ಅಲ್ಲ. ಎತ್ತಿದ ಮೇಲೆ ಆ ನೀರಿಗೆ ನೀರುಗಂಟಿ ಯಾರು ಅನ್ನೋದರ ಬಗ್ಗೆ.

ಇಷ್ಟು ದುಬಾರಿ ನೀರನ್ನು ಹೂಳು ತುಂಬಿದ ತಟ್ಟೆಯಂಥ ಕೆರೆಗೆ ಸುರಿದರೆ ಏನಾಗುತ್ತೆ? ನಮ್ಮ ಬಯಲುಸೀಮೆಯಲ್ಲಿ ವರ್ಷಕ್ಕೆ ಒಂದೂವರೆ ಮೀಟರ್ ನೀರು ಆವಿಯಾಗುತ್ತೆ ಅಂತ ಇಟ್ಟುಕೊಳ್ಳಿ. ಸೂಳೆಕೆರೆ ವರ್ಷವಿಡೀ ತುಂಬಿದ್ದರೆ ಅದರ ಮೈಮೇಲಿಂದಲೇ 1.4 ಟಿಎಂಸಿ ಸೂರ್ಯನಿಗೆ ಹೋಗುತ್ತೆ. ಮಳೆಯ ನೀರು ಹಾಗೆ ಹೋದರೆ ಬೇಸರ, ಪಂಪಿನ ನೀರು ಹೋದರೆ ದಂಡ. ಆಳ ಕಡಿಮೆಯಾದಷ್ಟೂ ನಷ್ಟದ ಪಾಲು ಜಾಸ್ತಿ. ಅಂದರೆ ಪೈಪ್ ಹಾಕೋ ಮುಂಚೆ ಹೂಳು ತೆಗೀಬೇಕು, ಒತ್ತುವರಿ ಬಿಡಿಸಬೇಕು, ಗಡಿಗೆ ಕಲ್ಲು ನೆಡಬೇಕು. ಸೂಳೆಕೆರೆಯಂಥ ಹೆಸರಾದ ಕೆರೆಯಲ್ಲೇ ಸರ್ವೆ ಮಾಡಿ, ಒತ್ತುವರಿ ತೆರವು ಮಾಡಿ ಅಂತ ಸ್ಥಳೀಯರು ವರ್ಷಗಟ್ಟಲೆ ಹೋರಾಡಬೇಕಾಯ್ತು. ಹೆಸರಿಲ್ಲದ 57 ಕೆರೆಗಳ ಗತಿ ಏನು? ಕೆರೆಗಳಿಗೆ ಅಂತಲೇ 2014ರಲ್ಲಿ ಕಾಯ್ದೆ ಮಾಡಿ ಒಂದು ಪ್ರಾಧಿಕಾರ ಕಟ್ಟಿದರು, ನಾಲ್ಕು ವರ್ಷದಲ್ಲಿ ಅದನ್ನು ಸಣ್ಣ ನೀರಾವರಿ ಇಲಾಖೆಗೆ ಸೇರಿಸಿ ಮುಗಿಸಿದರು. 36,000ಕ್ಕೂ ಹೆಚ್ಚು ಕೆರೆಗಳ ರಾಜ್ಯ ನಮ್ಮದು.

ನಿಮ್ಮ ತಲೆಮಾರಿನವರು ಇದಕ್ಕೆ ಒಂದು ಆ್ಯಪ್ ಮಾಡೋಣ ಅಂತೀರಿ. ಮಾಡಿ, ನಾನು ಬೇಡ ಅನ್ನೋದಿಲ್ಲ. ಉಪಗ್ರಹದ ಚಿತ್ರದಲ್ಲಿ ಕೆರೆಯ ನೀರಿನ ಹರವು ಕಾಣುತ್ತೆ, ಪೈಪಿನಲ್ಲಿ ಹರಿದ ನೀರನ್ನು ಮೀಟರ್ ಅಳೆಯುತ್ತೆ, ಪಂಪ್‌ಹೌಸ್‌ನ ಯೂನಿಟ್ ಲೆಕ್ಕ ಆಗಲೇ ಬಿಲ್ಲಿನಲ್ಲಿದೆ. ಈ ಮೂರನ್ನು ಒಟ್ಟಿಗೆ ಇಟ್ಟರೆ ಯಾವ ಕೆರೆಗೆ ಎಷ್ಟು ನೀರು, ಎಷ್ಟು ಖರ್ಚಿನಲ್ಲಿ ಬಂತು, ಎಷ್ಟು ದಿನ ನಿಂತಿತು ಅಂತ ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಗೋಡೆ ಮೇಲೆ ಬರೆಯಬಹುದು. ಇದಕ್ಕೆ ಬೇಕಾದ ತಂತ್ರಜ್ಞಾನ ಇವತ್ತು ಅಗ್ಗ. ಗೋಡೆ ಮೇಲೆ ಬರೆಯೋ ಮನಸ್ಸು ಮಾತ್ರ ದುಬಾರಿ. ಚಿತ್ರದುರ್ಗ, ಜಗಳೂರು ಕಡೆಯ ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ತಿರುಗುತ್ತವೆ. ಮುಂಗಾರಿನ ಗಾಳಿ ಜೋರಾಗಿರೋ ತಿಂಗಳುಗಳಲ್ಲೇ ಹೊಳೆಯೂ ತುಂಬಿರುತ್ತೆ. ಆ ವಿದ್ಯುತ್ತನ್ನು ಆ ನೀರಿಗೆ ಜೋಡಿಸಿ ಬಿಲ್ ಎಷ್ಟು ಇಳಿಯುತ್ತೆ ಅಂತ ಲೆಕ್ಕ ಹಾಕೋಕೆ ನಿಮ್ಮಂಥವರೇ ಬೇಕು.

ಅದರ ಜೊತೆಗೆ ನನ್ನ ಹಳೇ ಕಾಲದ ಬೇಡಿಕೆಯೂ ಒಂದಿದೆ. ಯೋಜನೆಯ ಮೊತ್ತದಲ್ಲಿ ಒಂದು ಪಾಲನ್ನು ಬಿತ್ತುವಟ್ಟದ ಹಾಗೆ ಬೇರೆ ತೆಗೆದಿಡಬೇಕು. ಅದರ ಬಡ್ಡಿಯಿಂದ ಪ್ರತಿ ಕೆರೆಗೂ ಸಂಬಳದ ಒಬ್ಬ ನೀರುಗಂಟಿ, ತೂಬಿನ ರಿಪೇರಿ, ವರ್ಷಕ್ಕೊಮ್ಮೆ ರಾಜಕಾಲುವೆಯ ಸ್ವಚ್ಛತೆ ನಡೀಬೇಕು. ಆ ನೀರುಗಂಟಿ ಗಂಡಸೇ ಆಗಬೇಕಾಗಿಲ್ಲ, ಆ ಊರಿನಲ್ಲಿ ಗದ್ದೆ ಇದ್ದವರ ಮನೆಯವರೇ ಆಗಬೇಕಾಗಿಲ್ಲ. ಮತ್ತೆ, ನಾಲೆಗೆ, ಪಂಪ್‌ಹೌಸ್‌ಗೆ ಜಮೀನು ಬಿಟ್ಟುಕೊಟ್ಟವರ ಹೆಸರುಗಳನ್ನು ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರಿಗಿಂತ ಮೇಲೆ ಕೆತ್ತಿಸಬೇಕು. ಕತೆಯ ಶಾಂತವ್ವ ಅಷ್ಟನ್ನು ಒಪ್ಪಿಕೊಂಡಿದ್ದಳು.